ಸದ್ದು ಮಾಡದ ಗಾಲಿ

ಅತ್ತೆ ಗಾಲಿಯನ್ನು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದುಕೊಂಡರು.

ಎದುರಿಗೆ ಕೂತಿದ್ದ ಅಣ್ಣ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮತ್ತೆ ಹಣ್ಣಿನ ಅಂಗಡಿಯಲ್ಲೂ ಹೀಗೇ. ಕಲ್ಲಂಗಡಿಯನ್ನು ತಟ್ಟಿ, ಕಿವಿಗಿಟ್ಟು, ಮೂಸಿ, ಅಂಗಡಿಯವನ ಪ್ರಾಣ ಹಿಂಡಿ, ಕೊನೆಗೆ ಕೊಳ್ಳದೆ ಎದ್ದು ಬಂದದ್ದೂ ಉಂಟು.

"ಸುಟ್ಟ ಟೈರಿನ ವಾಸನೆ," ಅಂದರು. "ಹಳೇ ರಬ್ಬರು ಕರಗಿಸಿ ಅಚ್ಚು ಹಾಕಿದ್ದಾರೆ. ಅಳಿಯಂದ್ರೇ, ಆ ಮುರಿದದ್ದು ಇತ್ತ ಕೊಡಿ."

ಕೊಟ್ಟೆ. ಅದನ್ನೂ ಮೂಸಿದರು.

"ಎರಡೂ ಒಂದೇ ತಾಯಿ ಮಕ್ಕಳು."

"ನಾವೂ ಅದನ್ನೇ ಹೇಳ್ತಿರೋದು ಮೇಡಮ್," ಅಂದರು ದೊಡ್ಡವರು. ಗಾಲಿಕುರ್ಚಿ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅಣ್ಣನನ್ನು ದೊಡ್ಡವರು, ತಮ್ಮನನ್ನು ಚಿಕ್ಕವರು ಅನ್ನುತ್ತಿದ್ದರು. ದೊಡ್ಡವರದು ಬ್ಯಾಂಕು, ಮಾರಾಟ. ಚಿಕ್ಕವರದು ಕುರ್ಚಿ ಜೋಡಿಸುವ ಶೆಡ್ಡು.

ಇಲ್ಲಿಯ ಕುರ್ಚಿಯೊಂದರ ಮುಂದಿನ ಪುಟ್ಟ ಗಾಲಿ ಮುರಿದು, ಇಳಿಜಾರಿನಲ್ಲಿ ಉರುಳಿಬಿದ್ದ ಮುದುಕ ದರ್ಜಿಯೊಬ್ಬರು ಇನ್ನೂ ಆಸ್ಪತ್ರೆಯಲ್ಲಿದ್ದರು. ಅಪವಾದವೆಲ್ಲ ಖರೀದಿ ವಿಭಾಗದ ಮುಖ್ಯಸ್ಥೆಯ ಮೇಲೆ ಬಂದಿತ್ತು. ಈ ಸಂಜೆ ಮೀಟಿಂಗಿನಲ್ಲಿ ಆಕೆ ತಪ್ಪೊಪ್ಪಿಕೊಂಡು ರಾಜೀನಾಮೆಗೆ ಸಹಿ ಹಾಕಬೇಕು, ಇಲ್ಲದಿದ್ದರೆ ಪೊಲೀಸ್ ಠಾಣೆ.

ದೊಡ್ಡವರು ಮೇಜಿನ ಮೇಲೆ ಎರಡೂ ಗಾಲಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. "ಇದು ಮುರಿದದ್ದು. ಇದು ನಮ್ಮ ಸ್ಯಾಂಪಲ್ ಕಪಾಟಿನಲ್ಲಿ ಇದ್ದದ್ದು. ಆರ್ಡರ್ ಕೊಡೋಕೆ ಮುಂಚೆ 'ಇಂಥದ್ದೇ ಕಳಿಸಿ' ಅಂತ ಆಕೆ ಒಪ್ಪಿದ ಸ್ಯಾಂಪಲ್ಲು. ಕಟ್ಟಿರೋ ಚೀಟಿ ನೋಡಿ, ಆಕೆಯದ್ದೇ ಸಹಿ. ಸ್ಯಾಂಪಲ್ಲೇ ಕಳಪೆ ಆದಮೇಲೆ ಬಂದ ಮಾಲು ಕಳಪೆಯಾಗದೆ ಇನ್ನೇನಾಗುತ್ತೆ?"

"ಅಂದ್ರೆ ಗಾಲಿ ಮಾರಿದ ಪಾರ್ಟಿಯವರು ಆಕೆಯ ಕೈ ಬಿಸಿ ಮಾಡಿದ್ದಾರೆ ಅಂತ," ಅಂದರು ಅತ್ತೆ.

"ನಾನು ಹೇಳಲ್ಲ. ಸ್ಯಾಂಪಲ್ಲೇ ಹೇಳ್ತಿದೆ."

"ಆಕೆ ಏನಂತಾಳೆ?"

"ಏನೂ ಅನ್ನಲ್ಲ," ಅಂದರು ಚಿಕ್ಕವರು. "ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾಳೆ. 'ಅಮ್ಮ ಬರಲಿ, ಅವರ ಮುಂದೆ ಮಾತಾಡ್ತೀನಿ' ಅಂತ ಒಂದೇ ಹಟ."

ಅಮ್ಮ ಅಂದರೆ ಈ ಇಬ್ಬರನ್ನು ಹೆತ್ತ ತಾಯಿ, ಸಂಜೆಯ ಮೀಟಿಂಗಿಗೆ ಬರಬೇಕಾದವರು. ತನ್ನ ಕಾಲು ಹೋದಾಗ ಒಳ್ಳೆ ಕುರ್ಚಿ ಸಿಗದೆ, ತಾನೇ ಒಂದು ಮಾಡಿಸಿಕೊಂಡು, ಅದನ್ನೇ ಕಾರ್ಖಾನೆಯನ್ನಾಗಿ ಬೆಳೆಸಿದ ಹೆಂಗಸು. ನಮ್ಮತ್ತೆಯನ್ನು ಕರೆಸಿದ್ದೂ ಅವರೇ. ಅತ್ತೆ ದೊಡ್ಡ ಆಸ್ಪತ್ರೆಯೊಂದಕ್ಕೆ ಬ್ಯಾಂಡೇಜಿನಿಂದ ಹಿಡಿದು ಲಿಫ್ಟಿನವರೆಗೆ ಕೊಂಡುಕೊಟ್ಟವರು. ನಿವೃತ್ತಿಯಾದ ಮೇಲೆ ಮೊಮ್ಮಗಳನ್ನು ಆಡಿಸಿಕೊಂಡಿರುತ್ತಾರೆ ಎಂದುಕೊಂಡಿದ್ದೆವು. ಅವರು ಖರೀದಿಯ ಕಳ್ಳರನ್ನು ಹಿಡಿಯಲು ಹೊರಟರು. ಅಂಥ ದಿನ ನನ್ನ ಕನ್ನಡಕದ ಅಂಗಡಿಗೆ ಬೀಗ ಬಿದ್ದು, ನಾನು ಅವರ ಡ್ರೈವರ್ ಆಗುತ್ತೇನೆ.

ಅಷ್ಟರಲ್ಲಿ ಬೆಳಗಿನ ಚಹಾದ ಗಾಡಿ ಬಂತು. ಕಿರ್ರ್ ಕಿರ್ರ್ ಎಂದು ಅದು ಕಾರಿಡಾರಿನ ಆ ತುದಿಯಿಂದಲೇ ಅಳುತ್ತ ಬಂದಿತ್ತು. ತಳ್ಳುತ್ತಿದ್ದ ಹೆಂಗಸು ಕಪ್ಪುಗಳನ್ನು ಇಳಿಸಿ ಹೊರಟಾಗ ಅತ್ತೆ ಕೈಯೆತ್ತಿದರು.

"ಒಂದು ನಿಮಿಷ ತಾಯಿ. ಅದನ್ನ ಬಾಗಿಲ ತನಕ ತಳ್ಳಿ, ವಾಪಸ್ ತಾ."

ಹೆಂಗಸು ಪಿಳಿಪಿಳಿ ನೋಡಿದಳು. ತಳ್ಳಿದಳು, ತಂದಳು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಅವರ ಮುಖದಲ್ಲಿ ಒಂದು ಖುಷಿ ಮೂಡಿತು. ಆ ಖುಷಿ ಬಂದಾಗ ಅವರ ನಾಲಿಗೆ ಹಿಡಿತದಲ್ಲಿರುವುದಿಲ್ಲ, ಇದು ಮನೆಯವರಿಗೆಲ್ಲ ಗೊತ್ತು.

"ಮೂರು ಗಾಲಿ ಅಳ್ತವೆ, ಒಂದು ಸುಮ್ಮನಿದೆ! ಆ ಒಂದನ್ನ ಹಾಕಿಸಿದವರು ಯಾರೋ, ಅವರಿಗೆ ಕೊಳ್ಳೋದು ಗೊತ್ತು. ಒಳ್ಳೆ ರಬ್ಬರು, ಒಳ್ಳೆ ಬೇರಿಂಗು."

ಚಿಕ್ಕವರು ನಕ್ಕರು. "ಚಹಾ ಗಾಡಿಗೂ ತನಿಖೆನಾ ಮೇಡಮ್?"

ದೊಡ್ಡವರು ನಗಲಿಲ್ಲ. ಫೋನು ನೋಡುತ್ತಿದ್ದರು.

ಅತ್ತೆ ಮತ್ತೆ ಸ್ಯಾಂಪಲ್ ಗಾಲಿ ಎತ್ತಿಕೊಂಡು ನನ್ನತ್ತ ಕೈ ಚಾಚಿದರು. ಏನು ಬೇಕೆಂದು ಕೇಳುವ ಕಾಲ ಹೋಗಿದೆ. ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟೆ. ಗಾಲಿಯ ನಡುವೆ ಅಚ್ಚು ತೂರುವ ತೂತಿನೊಳಗೆ ಬೆಳಕು ಬಿಟ್ಟು ನೋಡಿದರು, ನನಗೂ ತೋರಿಸಿದರು. ಒಳಗೋಡೆಯಲ್ಲಿ ಎಳ್ಳಿನಷ್ಟು ಒಂದು ಕೆಂಪು ಚುಕ್ಕೆ.

"ಏನದು?" ದೊಡ್ಡವರು ಕೇಳಿದರು.

"ಏನಿಲ್ಲ, ಕೊಳೆ. ಸ್ಯಾಂಪಲ್ ಕಪಾಟಿನ ಕೀ ಯಾರ ಹತ್ರ ಇರುತ್ತೆ?"

"ಒಂದು ಆಕೆ ಹತ್ರ. ಎರಡನೇ ಕೀಗಳೆಲ್ಲ ಇಲ್ಲೇ ಇರ್ತವೆ."

ಗೋಡೆಯ ಮೇಲೆ ಒಂದು ಹಲಗೆ, ಹಲಗೆಯ ತುಂಬ ಮೊಳೆ, ಮೊಳೆಗೊಂದು ಕೀ. ಸ್ಯಾಂಪಲ್ ಕಪಾಟು, ಸ್ಟೋರು, ಫೇಲಾದ ಮಾಲಿಗೆ ಬೀಗ ಹಾಕಿಡುವ ರಿಜೆಕ್ಟ್ ಬೋನು. ಅಣ್ಣ ತಮ್ಮ ಇಬ್ಬರಿಗೂ ಅದೇ ರೂಮು. ಅತ್ತೆ ಚಹಾ ಮುಗಿಸಿ, ಗಾಲಿಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡು ಎದ್ದರು.

ಕಾರಿಡಾರಿನಲ್ಲಿ ನಾನು ತಡೆಯಲಾರದೆ ಕೇಳಿದೆ. "ಅದು ಕೊಳೆ ಅಲ್ಲ ತಾನೆ?"

"ಅಳಿಯಂದ್ರೇ, ನೀವು ಫ್ರೇಮುಗಳನ್ನ ಯಾರ ಹತ್ರ ಕೊಳ್ತೀರಿ?"

"ಒಬ್ಬರ ಹತ್ರಾನೇ. ಮೊದಲಿನಿಂದಲೂ."

"ಯಾಕೆ?"

"ಒಳ್ಳೆ ಮನುಷ್ಯ ಅತ್ತೆ."

"ಮನುಷ್ಯ ಒಳ್ಳೆಯವನು, ಸರಿ. ಫ್ರೇಮು?" ನಾನು ಉತ್ತರ ಹುಡುಕುವಷ್ಟರಲ್ಲಿ ಅವರೇ ಮುಂದುವರಿಸಿದರು. "ಕೊಳ್ಳೋದು ಅಂದ್ರೆ ಬೆಲೆ ಕೇಳಿ ದುಡ್ಡು ಕೊಡೋದಲ್ಲ. ಏನು ಬೇಕು ಅಂತ ಮೊದಲು ನಮಗೆ ಗೊತ್ತಿರಬೇಕು. ಎಂಥ ರಬ್ಬರು, ಎಷ್ಟು ಭಾರ ಹೊರಬೇಕು. ಆಮೇಲೆ ನಾಲ್ಕು ಕಡೆ ವಿಚಾರಿಸಬೇಕು. ಸ್ಯಾಂಪಲ್ ತರಿಸಿ ನೋಡಿ ಒಪ್ಪಬೇಕು. ಒಪ್ಪಿದ್ದನ್ನ ಕಪಾಟಿನಲ್ಲಿಟ್ಟು ಆಮೇಲೆ ಆರ್ಡರ್. ಮಾಲು ಬಂದಾಗ ಸ್ಯಾಂಪಲ್ ಪಕ್ಕ ಇಟ್ಟು ಪರೀಕ್ಷೆ. ಪಾಸಾದ್ರೆ ಹಸಿರು ಚುಕ್ಕೆ, ಫೇಲಾದ್ರೆ ಕೆಂಪು ಚುಕ್ಕೆ. ಅರ್ಥ ಆಯ್ತಾ?"

"ಆಯ್ತು."

"ಏನಾಯ್ತು? ಸ್ಯಾಂಪಲ್ ಬರೋದು ಆರ್ಡರಿಗೆ ಮುಂಚೆ. ಕೆಂಪು ಬೀಳೋದು ಮಾಲು ಬಂದ ಮೇಲೆ. ಆರ್ಡರೇ ಕೊಡದಿದ್ದಾಗ ಕಪಾಟು ಸೇರಿದ ಗಾಲಿಗೆ ಕೆಂಪು ಬಣ್ಣ ಎಲ್ಲಿಂದ ಬಂತು?"

ನಾನು ನಡೆಯುವುದನ್ನೇ ನಿಲ್ಲಿಸಿದೆ. ಚೀಟಿ ನಿಜ, ಸಹಿ ನಿಜ, ಗಾಲಿ ಮಾತ್ರ ಬೇರೆ. ಯಾರೋ ಒಳ್ಳೆ ಸ್ಯಾಂಪಲ್ಲನ್ನು ಬಿಚ್ಚಿಕೊಂಡು, ರಿಜೆಕ್ಟ್ ಆದ ಗಾಲಿಗೆ ಅದೇ ಚೀಟಿ ಕಟ್ಟಿಟ್ಟಿದ್ದಾರೆ. ಎಷ್ಟು ಸರಳ! ಇಡೀ ಕಾರ್ಖಾನೆ ಗಾಲಿಯನ್ನು ತಿರುಗಿಸಿ ತಿರುಗಿಸಿ ನೋಡಿತ್ತು, ಈ ಹೆಂಗಸು ಕೆಲಸದ ಕ್ರಮವನ್ನು ನೋಡಿದರು. ನಮ್ಮತ್ತೆಯ ಬಗ್ಗೆ ನನಗೆ ನೂರೆಂಟು ತಕರಾರುಗಳಿವೆ, ಮಿಕ್ಸಿ ಕೊಳ್ಳಲೂ ಬಿಡುವುದಿಲ್ಲ. ಆದರೆ ಇಂಥ ಗಳಿಗೆಯಲ್ಲಿ ಅವರ ಕಾಲಿಗೆ ಬೀಳೋಣ ಅನ್ನಿಸುತ್ತದೆ.

"ಹಾಗಾದ್ರೆ ಈಗಲೇ ಹೋಗಿ ಹೇಳೋಣ!"

"ಸುಮ್ಮನಿರಿ. 'ಅದನ್ನೂ ಅವಳೇ ಬದಲಾಯಿಸಿದಳು' ಅಂದುಬಿಟ್ರೆ? ಕೀ ಅವಳ ಹತ್ರಾನೂ ಇದೆ. ಮೊದಲು ಚುಕ್ಕೆ ಇಟ್ಟವರನ್ನ ನೋಡೋಣ."

ಪರೀಕ್ಷೆಯ ಕೋಣೆ ಕಾರ್ಖಾನೆಯ ಗೇಟಿಗೆ ಅಂಟಿಕೊಂಡಿತ್ತು. ಉದ್ದನೆಯ ಕಲ್ಲಿನ ಮೇಜು, ತಕ್ಕಡಿ, ಭಾರ ಹೇರುವ ಒಂದು ಯಂತ್ರ, ಎರಡು ಡಬ್ಬಿ ಬಣ್ಣ, ಎರಡು ಕುಂಚ. ಬಂದ ಮಾಲನ್ನೆಲ್ಲ ಪರೀಕ್ಷಿಸುವ ಮನುಷ್ಯನನ್ನು ಎಲ್ಲರೂ ಕುಂಚದಣ್ಣ ಅನ್ನುತ್ತಿದ್ದರು. ಕಾಲೇಜು ಓದಿ ಬಂದ ಇಂಜಿನಿಯರ್ ಅವರು, ಆದರೆ ಆ ಹೆಸರನ್ನು ಖುಷಿಯಿಂದಲೇ ಒಪ್ಪಿಕೊಂಡಿದ್ದರು.

"ನಾನು ಎಲ್ಲಾ ಬರೆದುಕೊಟ್ಟಿದ್ದೀನಿ," ಅಂದರು ನಾವು ಒಳಗೆ ಕಾಲಿಡುತ್ತಲೇ. "ಆ ಗಾಲಿಗಳ ಲಾಟು ಬಂದಾಗ ಸರಿಯಾಗಿತ್ತು. ಅಷ್ಟೇ."

"ಅದಕ್ಕಲ್ಲಪ್ಪಾ ಬಂದದ್ದು." ಅತ್ತೆ ಸ್ಟೂಲು ಎಳೆದು ಕೂತರು. ಕೈಚೀಲದಿಂದ ಗಾಲಿ ತೆಗೆದರು. ಚೀಟಿ ಬಿಚ್ಚಿ ಇಟ್ಟಿದ್ದರು. "ನನಗೊಂದು ಗಾಲಿ ಬಂದಿದೆ. ಚೆನ್ನಾಗಿದೆಯಾ ಅಂತ ನೋಡಿ ಹೇಳಿ. ನೀವು ದಿನಾ ಹೇಗೆ ನೋಡ್ತೀರೋ ಹಾಗೇ."

ಕುಂಚದಣ್ಣ ಅನುಮಾನದಿಂದಲೇ ತೆಗೆದುಕೊಂಡರು. ಕೈಗೆ ಬಂದ ಮೇಲೆ ಅನುಮಾನ ಮರೆಯಾಯಿತು. ಅಂಗೈಯಲ್ಲಿ ತೂಗಿದರು. ಮೇಜಿನ ಮೇಲೆ ಉರುಳಿಸಿದರು. ಅಂಚಿನ ಮೇಲೆ ಉಗುರು ಎಳೆದರು. ಚಂದ ಇತ್ತು ನೋಡಲು. ಒಂದು ಕೆಲಸವನ್ನು ಮನಸ್ಸಿಟ್ಟು ಮಾಡಿದವರ ಕೈಗೆ ಒಂದು ಬೇರೆಯೇ ಬುದ್ಧಿ ಇರುತ್ತದೆ.

ಕೊನೆಗೆ ಅವರ ಹೆಬ್ಬೆರಳು ತಾನಾಗಿ ನಡುವಿನ ತೂತಿನೊಳಗೆ ಹೋಯಿತು. ಒಳಗೋಡೆಯನ್ನು ಒಂದು ಸುತ್ತು ಸವರಿತು. ಅಲ್ಲೇ ನಿಂತಿತು.

ಅವರು ಬೆರಳನ್ನು ಸರ್ರನೆ ಹೊರಗೆಳೆದುಕೊಂಡರು.

"ಯಾಕೆ ನಿಲ್ಲಿಸಿದ್ರಿ?" ಅತ್ತೆಯ ದನಿ ಮೆತ್ತಗಿತ್ತು. "ಚುಕ್ಕೆ ಇಡೋದು ಗಾಲಿಯ ಹೊರಗಡೆ ಅಲ್ವಾ? ಗೋಡೆ ಮೇಲಿನ ಚಾರ್ಟಿನಲ್ಲಿ ಹಾಗೇ ಇದೆ. ನಿಮ್ಮ ಬೆರಳು ಒಳಗೇನು ಹುಡುಕ್ತು?"

"ಅಭ್ಯಾಸ..."

"ಹೊರಗಿನ ಕೆಂಪನ್ನ ಯಾರೋ ಬಣ್ಣ ಕರಗಿಸೋ ತಿನ್ನರ್ ಹಾಕಿ ಒರೆಸಿದ್ದಾರೆ. ಒಳಗಿನದು ಅವರಿಗೆ ಗೊತ್ತೇ ಇರಲಿಲ್ಲ. ನಿಮಗೆ ಗೊತ್ತಿತ್ತು. ಒಳಗೂ ಒಂದು ಇಡಿ ಅಂತ ಹೇಳಿದ್ದು ಯಾರು?"

ಕುಂಚದಣ್ಣ ಬಾಗಿಲ ಕಡೆ ನೋಡಿದರು. ನಾನು ಎದ್ದು ಬಾಗಿಲು ಹಾಕಿದೆ.

"ಮೂರು ಕೊಟೇಶನ್ ಮೇಡಮ್," ಅಂದರು ಪಿಸುದನಿಯಲ್ಲಿ.

ಖರೀದಿ ಮುಖ್ಯಸ್ಥೆಗೆ ಕಾರ್ಖಾನೆಯವರು ಇಟ್ಟ ಹೆಸರು ಅದು. ಪೊರಕೆ ಕೊಳ್ಳುವುದಿದ್ದರೂ ಮೂರು ಕಡೆ ಬೆಲೆ ಕೇಳುವವಳು. ನೆಗಡಿಯಾದರೂ ಮೂರು ಡಾಕ್ಟರನ್ನು ವಿಚಾರಿಸುತ್ತಾಳೆ ಎಂದು ಗೇಟಿನವನೇ ನಮಗೆ ಹೇಳಿ ನಕ್ಕಿದ್ದ.

"ಹಿಂದೊಂದು ಸಲ ರಿಜೆಕ್ಟ್ ಆದ ಸ್ಕ್ರೂಗಳು ಬಣ್ಣ ಒರೆಸಿಕೊಂಡು ವಾಪಸ್ ಬಂದಿದ್ದವು. ಆವಾಗಿನಿಂದ ಮೇಡಮ್ ಹೇಳಿದ್ರು, 'ಅಣ್ಣಾ, ಎಲ್ಲರಿಗೂ ಕಾಣೋ ಹಾಗೆ ಒಂದು ಇಡಿ, ನಮ್ಮಿಬ್ಬರಿಗೆ ಮಾತ್ರ ಗೊತ್ತಿರೋ ಹಾಗೆ ಒಂದು ಇಡಿ' ಅಂತ."

ಅತ್ತೆ ತಲೆದೂಗಿದರು. "ಭಲೇ ಹುಡುಗಿ. ನನಗೇ ಇದು ಹೊಳೆದಿರಲಿಲ್ಲ." ಅವರು ಒಬ್ಬರನ್ನು ಹೀಗೆ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ದನಿ ಬದಲಾಯಿತು. "ಹಾಗಾದ್ರೆ ಆ ಲಾಟನ್ನ ನೀವು ಫೇಲ್ ಮಾಡಿದ್ರಿ. 'ಸರಿಯಾಗಿತ್ತು' ಅಂತ ಬರೆದುಕೊಟ್ಟದ್ದು ಸುಳ್ಳು."

ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಿತು.

"ಫೇಲ್ ಮಾಡಿದ್ದೆ," ಅಂದರು ಕುಂಚದಣ್ಣ. "ಸ್ಯಾಂಪಲ್ ಬೂದು ಬಣ್ಣದ್ದು, ಒಳ್ಳೆ ಗಾಲಿ. ಬಂದ ಲಾಟು ಕಪ್ಪು ಬಣ್ಣದ್ದು, ಯಂತ್ರದಲ್ಲಿಟ್ರೆ ಬಿರುಕು. ಎಲ್ಲದಕ್ಕೂ ಕೆಂಪು ಹಾಕಿ ರಿಜೆಕ್ಟ್ ಬೋನಿಗೆ ಹಾಕಿಸಿದೆ. ಬೆಳಗ್ಗೆ ಬಂದಾಗ ಬೋನು ಖಾಲಿ. ಪಾರ್ಟಿಗೆ ವಾಪಸ್ ಹೋಯ್ತು ಅಂದ್ರು. ಆ ವಾರ ಗಾಲಿ ಇಲ್ಲದೆ ಶೆಡ್ಡು ನಿಂತುಹೋಗೋದರಲ್ಲಿತ್ತು ಮೇಡಮ್. ನಿಲ್ಲಲಿಲ್ಲ. ಬೇರೆ ಕಡೆಯಿಂದ ಮಾಲು ಬಂದಿರಬೇಕು ಅಂದ್ಕೊಂಡೆ."

"ಆಮೇಲೆ?"

"ಒಂದು ದಿನ ಜೋಡಿಸಿಟ್ಟ ಕುರ್ಚಿ ಗಾಲಿ ಒಂದನ್ನ ಬಿಚ್ಚಿ, ಒಳಗೆ ಬೆರಳು ಹಾಕಿದೆ."

"ಹಾಕಿ?"

"ಚುಕ್ಕೆ ಸಿಕ್ತು. ಬೆರಳು ತೆಗೆದು ಸುಮ್ಮನಾಗಿಬಿಟ್ಟೆ."

ಆ ಎರಡು ಮಾತು ಹೇಳಲು ಅವರಿಗೆ ಬಹಳ ಕಷ್ಟವಾಯಿತು. ನನಗೆ ಕೇಳಲೂ ಕಷ್ಟವಾಯಿತು.

"ಯಾರು ಒರೆಸಿದ್ದು ಅಂತ ನಾನು ನೋಡಿಲ್ಲ, ನನ್ನ ಮಕ್ಕಳಾಣೆ. ಬೋನಿನ ಕೀ ಮಾಲೀಕರ ರೂಮಿನಲ್ಲಿರುತ್ತೆ. ಕೇಳೋದು ಯಾರನ್ನ? ದೊಡ್ಡವರಿಗೆ ಆಸ್ಪತ್ರೆಗೆ ಕುರ್ಚಿ ಕೊಡೋ ಆರ್ಡರ್ ತಪ್ಪಬಾರದು. ಚಿಕ್ಕವರಿಗೆ ಶೆಡ್ಡು ನಿಲ್ಲಬಾರದು."

"ಆ ದರ್ಜಿ ಬಿದ್ದರಲ್ಲ?"

"ಅದೊಂದೇ ಅಲ್ಲ ಮೇಡಮ್." ಅವರು ಕುಂಚವನ್ನು ಎತ್ತಿ, ಮತ್ತೆ ಇಟ್ಟರು. "ಇಲ್ಲಿ ಹೊಸ ಲಾಟಿನ ಮೊದಲ ಕುರ್ಚಿಯಲ್ಲಿ ಕೂರೋದು ಅಮ್ಮ. ಅವರದ್ದೇ ನಿಯಮ. ತಾನು ಕೂರದ ಕುರ್ಚೀನ ಇನ್ನೊಬ್ಬರಿಗೆ ಮಾರಲ್ಲ ಅಂತಾರೆ. ಅವರ ಕುರ್ಚೀಲಿ ಇರೋದೂ ಅವೇ ಕಪ್ಪು ಗಾಲಿ."

ಅತ್ತೆ ಸ್ಟೂಲಿನಿಂದ ಎದ್ದರು. "ಅದು ಗೊತ್ತಿದ್ದೂ ರಾತ್ರಿ ನಿದ್ದೆ ಬಂತಾ ನಿಮಗೆ?"

ಕುಂಚದಣ್ಣ ಅತ್ತರು. ಅತ್ತೆ ಸಮಾಧಾನ ಮಾಡಲಿಲ್ಲ. "ಸಂಜೆ ಮೀಟಿಂಗಿಗೆ ಬನ್ನಿ. ಇಲ್ಲಿ ಹೇಳಿದ್ದನ್ನ ಅಲ್ಲಿ ಹೇಳಿ. ಆಮೇಲೆ ಅಳಿ," ಅಂದು ಹೊರಟರು.

ಮೂರು ಕೊಟೇಶನ್ ತನ್ನ ಕೋಣೆಯಲ್ಲಿ ಫೋನಿನಲ್ಲಿದ್ದಳು. ನಾನು ಅಳುವ ಮುಖವೊಂದನ್ನು ನಿರೀಕ್ಷಿಸಿದ್ದೆ. ಇವಳು ಯಾರೊಂದಿಗೋ ಜಗಳವಾಡುತ್ತಿದ್ದಳು.

"ಬೆಲೆ ಆಮೇಲೆ ಮಾತಾಡೋಣ ಸರ್. ಮೊದಲು ಸ್ಯಾಂಪಲ್ ಕಳಿಸಿ. ಅಗ್ಗ ಬೇಡ, ನನಗೆ ಮುರೀದೆ ಇರೋದು ಬೇಕು. ಮುರಿದ ಮೇಲೆ ಆಗೋ ಖರ್ಚು ನಿಮ್ಮ ಬಿಲ್ಲಿನಲ್ಲಿ ಇರಲ್ಲವಲ್ಲ." ಫೋನಿಟ್ಟು ನಮ್ಮನ್ನು ನೋಡಿದಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾದ, ದಪ್ಪ ಕನ್ನಡಕದ ಹೆಂಗಸು. ಫ್ರೇಮು ನನ್ನ ಅಂಗಡಿಯವಕ್ಕಿಂತ ಚೆನ್ನಾಗಿತ್ತು.

"ಸಂಜೆ ನಿನ್ನನ್ನ ತೆಗೆದುಹಾಕ್ತಾರಂತೆ. ಯಾರಿಗೆ ಗಾಲಿ ಕೊಳ್ತಿದ್ದೀಯಮ್ಮ?" ಅತ್ತೆ ಕೇಳಿದರು.

"ಹೊರಗೆ ಹೋಗಿರೋ ಕುರ್ಚಿಗಳಿಗೆಲ್ಲ ಗಾಲಿ ಬದಲಾಯಿಸಬೇಕಲ್ಲ ಮೇಡಮ್. ನಾನಿದ್ರೂ ಬೇಕು, ಇಲ್ಲದಿದ್ರೂ ಬೇಕು. ಹೊಸಬರು ಬಂದು ಮೊದಲಿನಿಂದ ಹುಡುಕೋ ಹೊತ್ತಿಗೆ ಇನ್ನೊಬ್ಬರು ಬಿದ್ದಿರ್ತಾರೆ."

ಲಂಚ ತಿಂದವಳು ಎಂದು ಊರೆಲ್ಲ ಆಡಿಕೊಳ್ಳುತ್ತಿರುವಾಗ, ಈಕೆ ಮುಂದೆ ಬೀಳಬಹುದಾದವರನ್ನು ಈಗಲೇ ಹಿಡಿದುಕೊಳ್ಳಲು ಕೂತಿದ್ದಾಳೆ. ಇಂಥವರು ಇದ್ದಾರೆ ಎಂದೇ ಕುರ್ಚಿಗಳು, ಲಿಫ್ಟುಗಳು, ಸೇತುವೆಗಳು ನಿಂತಿವೆ ಅನ್ನಿಸಿತು. ನಾವು ಅವರ ಹೆಸರನ್ನೂ ಕೇಳುವುದಿಲ್ಲ.

ಅತ್ತೆ ಒಳಚುಕ್ಕೆಯ ವಿಷಯ ಹೇಳಿದರು. ಅವಳ ಮುಖ ಸ್ವಲ್ಪ ಅರಳಿತು.

"ಆದರೆ ಅದು ಸಾಲದಮ್ಮ. ಸ್ಯಾಂಪಲ್ ಬದಲಾಗಿದೆ ಅಂತ ತೋರಿಸುತ್ತೆ. ನೀನು ಒಪ್ಪಿದ್ದು ಒಳ್ಳೇದು ಅಂತ ತೋರಿಸಬೇಕಲ್ಲ. ಕುಂಚದಣ್ಣನ ಮಾತು ಯಾರು ನಂಬ್ತಾರೆ? ಆತ ಈಗಾಗಲೇ ಒಂದು ಸುಳ್ಳು ಬರೆದುಕೊಟ್ಟಾಗಿದೆ. ಮೂಲ ಗಾಲಿ ಬೇಕು."

"ಇದೆ." ಅವಳು ದನಿ ತಗ್ಗಿಸಿದಳು. "ನಾನು ಯಾವತ್ತೂ ಒಂದೇ ಸ್ಯಾಂಪಲ್ ತರಿಸಲ್ಲ ಮೇಡಮ್. ಒಂದನ್ನ ಯಂತ್ರದಲ್ಲಿ ಮುರಿದು ನೋಡ್ತೀನಿ. ಒಂದು ಕಪಾಟಿಗೆ. ಇನ್ನೊಂದನ್ನ ದಿನಾ ಓಡೋ ಜಾಗಕ್ಕೆ ಹಾಕಿಬಿಡ್ತೀನಿ, ಹೇಗೆ ಸವೆಯುತ್ತೆ ನೋಡೋಣ ಅಂತ. ಹಾಕಿದ ದಿನ, ಪಾರ್ಟಿಯವರ ಗುರುತು, ನನ್ನ ಗುರುತು ಎಲ್ಲಾ ಗಾಲಿ ಮೇಲೇ ಸೂಜಿಯಲ್ಲಿ ಕೊರೆದಿರ್ತೀನಿ. ಆ ಪಾರ್ಟಿಯವರು ಕೊಟ್ಟ ಬೂದು ಗಾಲಿ ಆವತ್ತಿನಿಂದ ಇವತ್ತಿನವರೆಗೂ ಓಡ್ತಿದೆ. ಎಲ್ಲರ ಕಣ್ಣೆದುರಿಗೇ."

ಅತ್ತೆಯ ಕೈ ನಿಧಾನವಾಗಿ ಬಾಯಿಗೆ ಹೋಯಿತು.

"ಕೀ ಇರೋದು ಆ ರೂಮಿನಲ್ಲಿ. ಅಣ್ಣನೋ ತಮ್ಮನೋ, ಯಾರನ್ನ ನಂಬೋದು? ಅದೊಂದು ಅವರ ಕೈಗೆ ಸಿಕ್ಕರೆ ನನ್ನ ಕಥೆ ಮುಗೀತು. ಅದಕ್ಕೇ ಅಮ್ಮ ಬರಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಅದು ಎಲ್ಲಿದೆ ಅಂದ್ರೆ..."

"ಚಹಾದ ಗಾಡಿಯಲ್ಲಿ," ಅಂದರು ಅತ್ತೆ.

ಅವಳು ಬೆರಗಾಗಿ ನೋಡಿದಳು. "ಹೇಗೆ ಗೊತ್ತಾಯ್ತು?"

"ಸದ್ದು ಮಾಡ್ತಿರಲಿಲ್ಲ." ಅತ್ತೆ ಹಣೆ ಬಡಿದುಕೊಂಡರು. "ಅದನ್ನ ನಾನು... ಅಯ್ಯೋ, ನನ್ನ ನಾಲಿಗೆಗಿಷ್ಟು! ಆ ರೂಮಿನಲ್ಲಿ, ಆ ಇಬ್ಬರ ಮುಂದೆ, ಡಂಗುರ ಹೊಡೆದು ಬಂದೆನಮ್ಮಾ."

ಅವಳು ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಮೊದಲು ಓಡಿದವಳು ಅವಳೇ.

ಅಡುಗೆಕೋಣೆಯ ಹೊರಗೆ ಚಹಾದ ಗಾಡಿ ಒಂದು ಮೂಲೆಗೆ ವಾಲಿಕೊಂಡು ನಿಂತಿತ್ತು. ನಾಲ್ಕನೇ ಗಾಲಿಯ ಜಾಗದಲ್ಲಿ ಒಂದು ಇಟ್ಟಿಗೆ. ಚಹಾದ ಕಪ್ಪುಗಳನ್ನು ತೊಳೆಯುತ್ತಿದ್ದ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು.

"ಹೇಳದೆ ಕೇಳದೆ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ ಅಕ್ಕಾ. ನಾನು ನೀರು ತರೋಕೆ ಹೋಗಿದ್ದೆ. ಇದ್ದದ್ದು ಅದೊಂದೇ ಒಳ್ಳೆ ಗಾಲಿ!"

ಮೂರು ಕೊಟೇಶನ್ ಗಾಡಿಯ ಹಿಡಿ ಹಿಡಿದುಕೊಂಡು ಬಗ್ಗಿ ಆ ಖಾಲಿ ಜಾಗವನ್ನು ನೋಡಿದಳು. ನಾನು ಅತ್ತೆಯ ಮುಖ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ರಬ್ಬರ್ ಗಾಲಿ ಸುಡಲು, ಪುಡಿ ಮಾಡಲು ಒಂದು ಕಾರ್ಖಾನೆಯಲ್ಲಿ ಜಾಗಕ್ಕೆ ಬರವೇ?

ಮೀಟಿಂಗಿನ ಕೋಣೆಯಲ್ಲಿ ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು. ದೊಡ್ಡವರು ಮೇಜಿನ ಒಂದು ಬದಿಗೆ, ಚಿಕ್ಕವರು ಇನ್ನೊಂದು ಬದಿಗೆ. ನಡುವೆ ರಾಜೀನಾಮೆಯ ಕಾಗದ, ಮುಚ್ಚಳ ತೆಗೆದ ಪೆನ್ನು. ಕುಂಚದಣ್ಣ ಬಂದಿದ್ದರು, ಗೋಡೆಗೆ ಒರಗಿ ನಿಂತಿದ್ದರು.

ಅತ್ತೆ ಕೆಂಪು ಚುಕ್ಕೆಯನ್ನು ತೋರಿಸಿದರು. ಕುಂಚದಣ್ಣ ತೊದಲುತ್ತಲೇ ಎಲ್ಲವನ್ನೂ ಹೇಳಿದರು.

ದೊಡ್ಡವರು ಪೂರ್ತಿ ಕೇಳಿದರು. "ಸ್ಯಾಂಪಲ್ ಬದಲಾಗಿರಬಹುದು. ಆಕೆಯೇ ಯಾಕೆ ಬದಲಾಯಿಸಿರಬಾರದು? ಮೊದಲು ಒಪ್ಪಿದ್ದು ಇದಕ್ಕಿಂತ ಕಳಪೆ ಇತ್ತೋ ಏನೋ."

"ಒಳ್ಳೆ ಗಾಲಿ ಒಂದಿತ್ತು ಅಂತೀರಲ್ಲ," ಅಂದರು ಚಿಕ್ಕವರು, "ತೋರಿಸಿ."

ಅತ್ತೆ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂರು ಕೊಟೇಶನ್ ಕಾಗದವನ್ನು ತನ್ನತ್ತ ಎಳೆದುಕೊಂಡಳು. ಓದಿದಳು. ಸಹಿ ಹಾಕುವಾಗಲೂ ಪೂರ್ತಿ ಓದದೆ ಹಾಕುವವಳಲ್ಲ.

ಆಗ ಕಾರಿಡಾರಿನಿಂದ ಸದ್ದು ಬಂತು. ಗಾಲಿಕುರ್ಚಿ ಬರುತ್ತಿತ್ತು.

ಅತ್ತೆ ತಲೆ ಎತ್ತಿದರು. ಕಣ್ಣು ಮುಚ್ಚಿಕೊಂಡರು. ನಾನೂ ಕಿವಿಗೊಟ್ಟೆ. ಕಿರ್ರ್, ಕಿರ್ರ್, ಕಿರ್ರ್. ಅಳು ಎಡಗಡೆಯಿಂದ ಮಾತ್ರ ಬರುತ್ತಿತ್ತು. ಬಲಗಡೆ ಏನೂ ಕೇಳಿಸುತ್ತಿರಲಿಲ್ಲ.

ಬಾಗಿಲು ತೆರೆಯಿತು. ಅಮ್ಮ ತಾವೇ ಕುರ್ಚಿ ತಳ್ಳಿಕೊಂಡು ಒಳಗೆ ಬಂದರು. ತೆಳ್ಳಗಿನ ದೇಹ, ಬಲವಾದ ತೋಳು.

"ಸಹಿ ಆಗಿಲ್ಲ ತಾನೆ?" ಅಂದರು.

"ಇಲ್ಲಮ್ಮಾ." ಅತ್ತೆ ಸರಸರನೆ ಹೋಗಿ ಕುರ್ಚಿಯ ಮುಂದೆ ನೆಲದ ಮೇಲೆ ಕೂತುಬಿಟ್ಟರು. ಮಂಡಿನೋವಿನ ಹೆಂಗಸು, ಮನೆಯಲ್ಲಿ ನೆಲಕ್ಕೆ ಬಿದ್ದ ಚಮಚವನ್ನೂ ನನ್ನಿಂದ ಎತ್ತಿಸುವವರು. "ಅಳಿಯಂದ್ರೇ, ಗಾಜು."

ಎಡಗಡೆಯ ಪುಟ್ಟ ಗಾಲಿ ಕಪ್ಪು. ಬಲಗಡೆಯದು ಬೂದು. ಅದರ ಮಗ್ಗುಲಲ್ಲಿ, ಚಹಾದ ಕಲೆಯ ಕೆಳಗೆ, ಸೂಜಿಯಲ್ಲಿ ಕೊರೆದ ಅಕ್ಷರಗಳು. ಒಂದು ತಾರೀಖು, ಎರಡು ಗುರುತು.

"ನನ್ನದೇ," ಅಂದಳು ಮೂರು ಕೊಟೇಶನ್. ಪೆನ್ನು ಅವಳ ಕೈಯಿಂದ ಜಾರಿ ಮೇಜಿನ ಮೇಲೆ ಉರುಳಿತು.

ನನಗೆ ಆಗ ಅರ್ಥವಾಯಿತು. ಕದ್ದವನು ಅದನ್ನು ಸುಡಬಹುದಿತ್ತು, ಪುಡಿ ಮಾಡಬಹುದಿತ್ತು. ಆದರೆ ಇಡೀ ಕಾರ್ಖಾನೆಯಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆ ಗಾಲಿ ಅದು. ಕಪ್ಪು ಗಾಲಿಗಳ ಮೇಲೆ ಯಾರು ಕೂತಿದ್ದಾರೆಂದು ಅವನಿಗೆ ಗೊತ್ತಿತ್ತು. ಪುಡಿ ಮಾಡಲು ಅವನಿಗೆ ಕೈ ಬಂದಿರಲಿಲ್ಲ.

"ಅಮ್ಮಾ," ಅತ್ತೆ ಕೇಳಿದರು, "ಈ ಬೂದು ಗಾಲಿ ಯಾವಾಗ ಹಾಕಿಸಿದ್ರಿ?"

"ಇದಾ?" ಅಮ್ಮನ ಮುಖ ಬೆಳಗಿತು. "ಇವತ್ತು ಮಧ್ಯಾಹ್ನ ಊಟ ಆದ ಮೇಲೆ. ಹಳೇದು ಸರಿಯಿಲ್ಲಮ್ಮ, ಬಿದ್ದುಗಿದ್ದೀಯ ಅಂತ ನನ್ನ ಮಗ ಮನೆಗೆ ಓಡಿ ಬಂದು, ನೆಲದ ಮೇಲೆ ಕೂತು, ತನ್ನ ಕೈಯಾರೆ ಹಾಕಿಕೊಟ್ಟ. ಎಷ್ಟು ವರ್ಷ ಆಗಿತ್ತು, ಅವನು ನನ್ನ ಕಾಲ ಹತ್ರ ಹಾಗೆ ಕೂತು."

ಅತ್ತೆ ಗಾಜನ್ನು ನನ್ನ ಕೈಗೆ ವಾಪಸ್ ಕೊಟ್ಟರು.

ಅಮ್ಮ ನಮ್ಮ ಮುಖಗಳನ್ನು ನೋಡಿದರು. ಮೇಜಿನ ಮೇಲಿನ ಕಾಗದ ನೋಡಿದರು. ಗಾಲಿಯತ್ತ ಬಗ್ಗಿ, ಕೊರೆದ ಗುರುತನ್ನು ಬೆರಳಲ್ಲಿ ಸವರಿದರು. ಕಾರ್ಖಾನೆ ಕಟ್ಟಿದ ಹೆಂಗಸು, ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ನಗು ಹಾಗೇ ಆರಿಹೋಯಿತು.

"ಯಾವ ಮಗ, ಅಮ್ಮಾ?" ಅತ್ತೆ ಬಹಳ ಮೆಲ್ಲಗೆ ಕೇಳಿದರು.

ಮೇಜಿನ ಆ ಬದಿಯಲ್ಲಿ ದೊಡ್ಡವರು ತಲೆ ತಗ್ಗಿಸಿದರು. ಈ ಬದಿಯಲ್ಲಿ ಚಿಕ್ಕವರೂ ತಗ್ಗಿಸಿದರು.

ಗಾಲಿ ಹಾಕಿದವನೇ ಹೇಳಲಿ ಎಂಬಂತೆ ಅಮ್ಮ ಕುರ್ಚಿಯ ಬ್ರೇಕ್ ಹಾಕಿ, ಇಬ್ಬರಲ್ಲಿ ಯಾರು ಮೊದಲು ತಲೆ ಎತ್ತುತ್ತಾರೆಂದು ಕಾಯತೊಡಗಿದರು.